ಮಳೆ ಅಳೆಯುವವರ ಕೈಗೇ ಗಂಟೆ

2024ರ ಜುಲೈ 29ರ ಬೆಳಿಗ್ಗೆ ಕೇರಳದ ವಯನಾಡಿನ ಕಲ್ಪೆಟ್ಟದಲ್ಲಿರುವ ಹ್ಯೂಮ್ ಪರಿಸರ ಮತ್ತು ವನ್ಯಜೀವಿ ಅಧ್ಯಯನ ಕೇಂದ್ರಕ್ಕೆ ಎಂದಿನಂತೆ ಮಳೆಯ ಲೆಕ್ಕ ಬಂದು ಸೇರಿತು. ಜಿಲ್ಲೆಯ ಉದ್ದಗಲಕ್ಕೂ ಹರಡಿರುವ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಲೆಕ್ಕ. ಕಳಿಸುವವರು ಕೃಷಿಕರು, ತೋಟದವರು, ಊರಿನ ಆಸಕ್ತರು. ಮೇಪ್ಪಾಡಿ ಕಡೆಯ ಪುತ್ತುಮಲದಿಂದ ಬಂದ ಅಂಕಿ ಕೇಂದ್ರದವರ ಎದೆ ನಡುಗಿಸುವಂತಿತ್ತು. ಹಿಂದಿನ ದಿನದಿಂದ ಸುರಿದದ್ದು ಸುಮಾರು 200 ಮಿಲಿಮೀಟರ್. ಮಳೆ ನಿಲ್ಲುವ ಸೂಚನೆ ಇರಲಿಲ್ಲ. ಮುಂಡಕ್ಕೈ ಊರಿನ ಮೇಲಿನ ಗುಡ್ಡ ಜಾರಬಹುದು, ಜನರನ್ನು ಅಲ್ಲಿಂದ ಎಬ್ಬಿಸಿ ಎಂದು ಜಿಲ್ಲಾಡಳಿತಕ್ಕೆ ತಿಳಿಸಿದರು.

ಆಗ ಹವಾಮಾನ ಇಲಾಖೆ ವಯನಾಡಿಗೆ ಕೊಟ್ಟಿದ್ದದ್ದು ಆರೆಂಜ್ ಅಲರ್ಟ್. ರೆಡ್ ಅಲರ್ಟ್ ಬಂದದ್ದು 30ರ ಬೆಳಿಗ್ಗೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನಡುರಾತ್ರಿ ದಾಟಿದ ಮೇಲೆ, ಸುಮಾರು 1,550 ಮೀಟರ್ ಎತ್ತರದಿಂದ ಸೀಳಿಕೊಂಡ ಗುಡ್ಡ ಬಂಡೆ, ಮರ, ಕೆಸರನ್ನೆಲ್ಲ ಹೊಳೆಗೆ ತಳ್ಳಿತು. ಆ ಕೆಸರು ಎಂಟು ಕಿಲೊಮೀಟರ್ ದೂರ ಹರಿಯಿತು. ಮುಂಡಕ್ಕೈ, ಚೂರಲ್‌ಮಲ ಎರಡೂ ಊರು ಮಲಗಿದ್ದಲ್ಲೇ ಕೊಚ್ಚಿಹೋದವು. ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಚಹಾ ತೋಟದ ಪಾಡಿಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಮಲಗಿದ್ದ ಕೂಲಿಗಳಿದ್ದರು, ಚಾಮರಾಜನಗರ, ಮಂಡ್ಯ ಕಡೆಯಿಂದ ಹೋಗಿ ನೆಲೆಸಿದ್ದ ನಮ್ಮವರೂ ಇದ್ದರು. ಪುತ್ತುಮಲದ ಮಾಪಕದಲ್ಲಿ 48 ಗಂಟೆಯ ಒಟ್ಟು ಮಳೆ 572 ಮಿಲಿಮೀಟರ್.

ಎಚ್ಚರಿಕೆ ಹೊರಟದ್ದಕ್ಕೂ ಗುಡ್ಡ ಜಾರಿದ್ದಕ್ಕೂ ನಡುವೆ ಸುಮಾರು ಹದಿನಾರು ಗಂಟೆ ಇತ್ತು. ಮುದುಕರನ್ನು ಹೊತ್ತು, ಮಕ್ಕಳನ್ನು ಕರೆದುಕೊಂಡು, ಹಸು ಬಿಚ್ಚಿ ನಡೆದರೂ ಸುರಕ್ಷಿತ ಜಾಗ ಸೇರಬಹುದಾಗಿದ್ದ ಹೊತ್ತು ಅದು. ಹೀಗೆ ಸೇರಿದ ಉದಾಹರಣೆಯೂ ಅದೇ ಊರಿನಲ್ಲಿದೆ. 2020ರ ಆಗಸ್ಟ್‌ನಲ್ಲಿ ಇದೇ ಕೇಂದ್ರ ಇದೇ ಮುಂಡಕ್ಕೈ ಬಗ್ಗೆ ಎಚ್ಚರಿಸಿತ್ತು. ಆಡಳಿತ ಜನರನ್ನು ಸ್ಥಳಾಂತರಿಸಿತು, ಗುಡ್ಡ ಕುಸಿಯಿತು, ಜೀವ ಉಳಿದವು. ಅದರ ಹಿಂದಿನ ವರ್ಷ ಪುತ್ತುಮಲ ಕುಸಿದು ಹದಿನೇಳು ಜನ ಸತ್ತಿದ್ದ ನೆನಪು ಇನ್ನೂ ಹಸಿಯಾಗಿತ್ತು. 2024ರಲ್ಲಿ ಮಾಪಕಗಳು ಅವೇ, ಅಳೆಯುವ ಕೈಗಳೂ ಅವೇ. ಆದರೆ ಲೆಕ್ಕ ಕಚೇರಿಗೆ ಏರಿ ಆದೇಶವಾಗಿ ಇಳಿಯಬೇಕಾಗಿದ್ದ ದಾರಿಯಲ್ಲಿ ಎಲ್ಲೋ ನಿಂತುಬಿಟ್ಟಿತು.

ಈ ದಾರಿ ಯಾಕೆ ಇಷ್ಟು ಉದ್ದವಾಗಿರಬೇಕು? ಮಳೆ ಬೀಳುವುದು ಗುಡ್ಡದ ನೆತ್ತಿಯಲ್ಲಿ. ಸಾಯುವವರು ಅದರ ಬುಡದಲ್ಲಿ. ಎರಡರ ನಡುವೆ ಇರುವುದು ಕೆಲವೇ ಕಿಲೊಮೀಟರ್. ಸುದ್ದಿ ಮಾತ್ರ ಜಿಲ್ಲಾ ಕೇಂದ್ರ, ರಾಜಧಾನಿ ಎಲ್ಲ ಸುತ್ತಿಕೊಂಡು ವಾಪಸ್ ಬರಬೇಕು. ಮಲೆನಾಡಿನಲ್ಲಿ, ಕೊಡಗಿನಲ್ಲಿ, ಉತ್ತರ ಕನ್ನಡದ ಘಟ್ಟದ ತಪ್ಪಲಲ್ಲಿ ಬದುಕುವ ನಮಗೆ ಇದು ಪಕ್ಕದ ರಾಜ್ಯದ ಸಂಗತಿಯಲ್ಲ. ವಯನಾಡಿಗೆ ಎರಡು ವಾರ ಮುಂಚೆ, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ರಸ್ತೆಬದಿಯ ಚಹಾದಂಗಡಿಯ ಕುಟುಂಬ ಮಣ್ಣಿನಡಿ ಹೋಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಕಡೆ ಜೋಡುಪಾಲ, ಮಕ್ಕಂದೂರು ಕುಸಿದವು. 2019ರಲ್ಲಿ ಕೋರಂಗಾಲ, ತೋರ. 2020ರಲ್ಲಿ ತಲಕಾವೇರಿಯ ಗಜಗಿರಿ. ಕೊಡಗಿನಲ್ಲಿ ಈಗ ಆಗಸ್ಟ್ ಬಂತೆಂದರೆ ಬರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ, ಕೆಳಗೆ ಮನೆ ಇರುವವರು ನಿದ್ದೆ ಮಾಡುವುದಿಲ್ಲ.

ಇಂಚು, ಸೆಂಟು

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳಲ್ಲಿ ಮಳೆ ಅಳೆಯುವುದು ತಲೆಮಾರುಗಳ ರೂಢಿ. ಬಂಗಲೆಯ ಮುಂದೆ, ಮರದ ಹನಿ ಬೀಳದ ಬಯಲಲ್ಲಿ, ನೆಲಕ್ಕೆ ಅರ್ಧ ಹೂತ ಒಂದು ಉದ್ದನೆಯ ಡಬ್ಬಿ ಇರುತ್ತದೆ. ಬಾಯಿಗೆ ಆಲಿಕೆ, ಒಳಗೆ ಬಾಟಲಿ. ಬೆಳಿಗ್ಗೆ ಕೆಲಸಕ್ಕೆ ಹೆಸರು ಕೂಗುವ ಮುಂಚೆ ತೋಟದ ಲೆಕ್ಕ ಬರೆಯುವ ರೈಟರು ಬಂದು ಆಲಿಕೆ ಎತ್ತುತ್ತಾರೆ. ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಅಳತೆ ಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ. ನೀರು ಗಾಜಿನ ಅಂಚಿನಲ್ಲಿ ಸ್ವಲ್ಪ ಏರಿ ನಡುವೆ ತಗ್ಗಿರುತ್ತದೆ. ಆ ತಗ್ಗಿನ ಗೆರೆಯನ್ನೇ ಹಿಡಿಯಬೇಕು. ಮಿಲಿಮೀಟರ್ ಯಾರ ಬಾಯಲ್ಲೂ ಬರುವುದಿಲ್ಲ. ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಬೆಳಗಿನ ಕಾಫಿ ಹೊತ್ತಿಗೆ ತೋಟದಿಂದ ತೋಟಕ್ಕೆ ಫೋನು ಹೋಗುತ್ತದೆ: "ನಿಮ್ಮಲ್ಲಿ ಎಷ್ಟಾಯ್ತು?" "ಮೂರು ನಲವತ್ತು. ನಿಮ್ಮಲ್ಲಿ?" ಮಾರ್ಚ್‌ನ ಹೂಮಳೆಯಿಂದ ಹಿಡಿದು ಆಗಸ್ಟ್‌ನ ಆಶ್ಲೇಷ ಮಳೆಯವರೆಗೆ ಈ ಸಂಭಾಷಣೆ ನಿಲ್ಲುವುದಿಲ್ಲ.

ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ ಹಿರಿಯ ರೈಟರೊಬ್ಬರು ಮಳೆ ಪುಸ್ತಕ ತೆಗೆದು ತೋರಿಸಿದರು. ರಟ್ಟಿನ ಬೈಂಡು, ಗೆದ್ದಲು ತಿಂದ ಅಂಚು, ತಿಂಗಳಿಗೊಂದು ಪುಟ, ನೀಲಿ ಶಾಯಿಯಲ್ಲಿ ಸಣ್ಣ ಅಂಕಿಗಳು. 2018ರ ಆಗಸ್ಟ್ ಪುಟ ತೆರೆದರು. ತಿಂಗಳ ನಡುವಿನ ಕೆಲವು ಮನೆಗಳಲ್ಲಿ ಅಂಕಿಯ ಪಕ್ಕ ಒಂದು ಕೂಡುವ ಚಿಹ್ನೆ ಇತ್ತು. "ಬಾಟಲಿ ತುಂಬಿ ಹೊರಗಿನ ಡಬ್ಬಿಗೆ ಇಳಿದಿತ್ತು ಸಾರ್. ಅದನ್ನೂ ಸುರಿದು ಸುರಿದು ಅಳೆದೆ. ಎಷ್ಟು ಸಲ ಸುರಿದೆ ಅಂತ ಲೆಕ್ಕ ತಪ್ಪಬಾರದು ಅಂತ ಬೆರಳು ಮಡಿಸ್ತಾ ಇದ್ದೆ" ಎಂದರು. ಯಾರಿಗಾದರೂ ಹೇಳಿದಿರಾ ಎಂದು ಕೇಳಿದೆ. "ಸಾಹೇಬರಿಗೆ ಹೇಳಿದೆ. ಇನ್ಯಾರಿಗೆ ಹೇಳೋದು?"

ಆ ಪ್ರಶ್ನೆಗೆ ನಮ್ಮ ವ್ಯವಸ್ಥೆಯಲ್ಲಿ ಇವತ್ತಿಗೂ ನೇರ ಉತ್ತರ ಇಲ್ಲ. ಆದರೆ ಭೂಕುಸಿತದ ಬಗ್ಗೆ ಮೊದಲು ತಿಳಿಯಬೇಕಾದದ್ದು ಆ ಪುಸ್ತಕದ ಒಳಗೇ ಇದೆ. ಗುಡ್ಡ ಒಂದು ದಿನದ ಮಳೆಗೆ ಜಾರುವುದು ಕಡಿಮೆ. ವಾರಗಟ್ಟಲೆ ಕುಡಿದ ನೀರು ಮಣ್ಣಿನ ಕಣಗಳ ನಡುವೆ ತುಂಬಿ, ಒಳಗಿನ ಒತ್ತಡ ಏರಿ, ಮಣ್ಣು ಬಂಡೆಯ ಮೇಲಿನ ಹಿಡಿತ ಸಡಿಲಿಸಿರುತ್ತದೆ. ಆಮೇಲೆ ಒಂದು ರಾತ್ರಿಯ ಜಡಿಮಳೆ ಸಾಕು. ರಸ್ತೆಗೋ ಹೋಂಸ್ಟೇಗೋ ಬುಡ ಕಡಿದಿದ್ದರೆ ಅಷ್ಟೂ ಬೇಕಿಲ್ಲ. ಹಾಗಾಗಿ ಇವತ್ತು ಎಷ್ಟು ಬಂತು ಎನ್ನುವುದಕ್ಕಿಂತ ಕಳೆದ ಹತ್ತು ದಿನದಲ್ಲಿ, ಈ ಗುಡ್ಡದ ಮೇಲೆ, ಒಟ್ಟು ಎಷ್ಟಾಯಿತು ಎನ್ನುವುದು ಮುಖ್ಯ. 'ಈ ಗುಡ್ಡ' ಎಂಬುದನ್ನು ಒತ್ತಿ ಹೇಳಬೇಕು. ಘಟ್ಟದ ಮಳೆ ಒಂದು ಏರು ಹತ್ತಿ ಇಳಿಯುವಷ್ಟರಲ್ಲಿ ಅರ್ಧಕ್ಕೆ ಅರ್ಧ ಬದಲಾಗುತ್ತದೆ. ಜಿಲ್ಲೆಗೊಂದು ಬಣ್ಣ ಹಚ್ಚುವ ಮುನ್ಸೂಚನೆ ಈ ವ್ಯತ್ಯಾಸವನ್ನು ಹಿಡಿಯಲಾರದು. ಕೊಡಗಿಗೆ ರೆಡ್ ಅಲರ್ಟ್ ಎಂದರೆ ಕುಶಾಲನಗರದವನೂ ಭಾಗಮಂಡಲದವನೂ ಒಂದೇ ಸಂದೇಶ ಓದುತ್ತಾರೆ; ಒಬ್ಬನ ಅಂಗಳದಲ್ಲಿ ತುಂತುರು, ಇನ್ನೊಬ್ಬನ ಹಿತ್ತಲಲ್ಲಿ ಹೊಸ ಜಲ ಒಡೆದಿರುತ್ತದೆ.

ಹಿತ್ತಲಲ್ಲಿ ಜಲ ಒಡೆಯುವುದು ಕೂಡ ಮಾಪಕವೇ. ಇದ್ದಕ್ಕಿದ್ದಂತೆ ಕೆಂಪಗಾದ ತೊರೆ, ಅಂಗಳದಲ್ಲಿ ಬೆರಳು ತೂರುವಷ್ಟು ಬಿರುಕು, ನಿನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಓರೆಯಾದ ಸಿಲ್ವರ್ ಮರ. ಇವನ್ನು ಉಪಗ್ರಹ ನೋಡುವುದಿಲ್ಲ, ಮನೆಯವರು ನೋಡುತ್ತಾರೆ. ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಪೀಠದವರು 2009ರಿಂದ ಗುಡ್ಡದೊಳಗೆ ಸಂವೇದಕ ಇಳಿಸಿ ನೀರಿನ ಒತ್ತಡವನ್ನು ನಿರಂತರವಾಗಿ ಅಳೆಯುತ್ತಿದ್ದಾರೆ. ಅದು ಅಮೂಲ್ಯ ಕೆಲಸ. ಆದರೆ ಪಶ್ಚಿಮ ಘಟ್ಟದ ಪ್ರತಿ ಗುಡ್ಡಕ್ಕೂ ಅಂಥದ್ದನ್ನು ಇಳಿಸಲು ಆಗದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಕೋಲ್ಕತ್ತದಲ್ಲಿ ಉದ್ಘಾಟನೆಯಾದದ್ದು 2024ರ ಜುಲೈ 19ರಂದು, ವಯನಾಡಿಗೆ ಹನ್ನೊಂದು ದಿನ ಮುಂಚೆ. ಅದು ಆರಂಭಿಸಿದ್ದು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಯಿಂದ. ನಮ್ಮ ಘಟ್ಟಕ್ಕೆಲ್ಲ ಅದು ಬರುವವರೆಗೆ ರೈಟರ ಪುಸ್ತಕ ಕಾಯುತ್ತ ಕೂರಬೇಕಿಲ್ಲ.

ಯಲಹಂಕಕ್ಕೆ ಹೋಗಿ ಬರುವ ಹನಿ

ಕರ್ನಾಟಕ ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು. 1988ರಲ್ಲಿ ಬರ ಉಸ್ತುವಾರಿಗೆಂದೇ ಪ್ರತ್ಯೇಕ ಕೋಶ ತೆರೆದ ರಾಜ್ಯ ಇದು. ಅದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಇವೆ. ಹೋಬಳಿ ಮಟ್ಟದಲ್ಲಿ ಹವಾಮಾನ ಘಟಕಗಳಿವೆ. ಸೌರಶಕ್ತಿಯಲ್ಲಿ ನಡೆಯುವ ಆ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಯಲಹಂಕದ ಕೇಂದ್ರಕ್ಕೆ ಲೆಕ್ಕ ಕಳಿಸುತ್ತವೆ. 'ವರುಣಮಿತ್ರ' ಸಹಾಯವಾಣಿಗೆ ಫೋನು ಮಾಡಿ ನಾಳೆ ಮದ್ದು ಹೊಡೆಯಬಹುದೇ, ರಾಗಿ ಒಣಗಿಸಬಹುದೇ ಎಂದು ಕೇಳಿದ ರೈತರು ಲೆಕ್ಕವಿಲ್ಲದಷ್ಟು. ಸಿಡಿಲಿಗೆಂದು 'ಸಿಡಿಲು' ಎಂಬ ಆ್ಯಪ್ ಕೂಡ ಇದೆ. ಪಂಚಾಯಿತಿಗೊಂದು ಮಾಪಕ ಎಂಬ ಸಾಂದ್ರತೆ ದೊಡ್ಡ ಸಾಧನೆ.

ಇಷ್ಟೆಲ್ಲ ಇದ್ದೂ ಉಳಿದಿರುವ ಒಂದು ಹೆಜ್ಜೆಯ ಬಗ್ಗೆ ನನ್ನ ತಕರಾರು. ಪಂಚಾಯಿತಿ ಕಚೇರಿಯ ತಾರಸಿಯ ಮೇಲೋ ಶಾಲೆಯ ಅಂಗಳದಲ್ಲೋ ಬಿದ್ದ ಹನಿ ಯಲಹಂಕಕ್ಕೆ ಹೋಗಿ, ಅಲ್ಲಿಂದ ಅಧಿಕಾರಿಗಳ ಮೊಬೈಲಿಗೆ ಬಂದು, ಅಲ್ಲಿಂದ ಪಂಚಾಯಿತಿಗೆ ಇಳಿಯಬೇಕು. ಮಾಪಕ ನಿಂತಿರುವ ಜಾಗದಲ್ಲೇ ಅದಕ್ಕೆ ಬಾಯಿ ಇಲ್ಲ. ನೆಟ್‌ವರ್ಕ್ ಹೋದರೆ ಕಣ್ಣೂ ಇಲ್ಲ. 2018ರಲ್ಲಿ ಕೊಡಗಿನ ಅನೇಕ ಕಡೆ ಮೊದಲು ಹೋದದ್ದು ಕರೆಂಟು, ಆಮೇಲೆ ಟವರು, ಆಮೇಲೆ ರಸ್ತೆ. ಅತ್ಯಂತ ಬೇಕಾದ ರಾತ್ರಿಯಲ್ಲೇ ಮಾಪಕಕ್ಕೂ ಊರಿಗೂ ಸಂಬಂಧ ಕಡಿದಿತ್ತು. ಅದೇ ಮಾಪಕಕ್ಕೆ ಒಂದು ಮಿತಿ ಹಾಕಿ, ಮೂರು ದಿನದ ಮೊತ್ತ ಇಷ್ಟು ಮೀರಿದರೆ ಅಲ್ಲೇ ಸೈರನ್ ಕೂಗುವ ಹಾಗೆ, ಊರಿನ ನಾಲ್ಕು ಜನರ ಫೋನಿಗೆ ನೇರ ಕರೆ ಹೋಗುವ ಹಾಗೆ ಮಾಡುವುದು ರಾಕೆಟ್ ಹಾರಿಸಿದಷ್ಟು ಕಷ್ಟದ ತಂತ್ರಜ್ಞಾನವೇನಲ್ಲ. ಟವರು ಸತ್ತಾಗಲೂ ಕೆಲಸ ಮಾಡುವ ಸಣ್ಣ ರೇಡಿಯೊ ಸಾಧನಗಳು ಈಗ ಸಿಗುತ್ತವೆ. ಲೋರಾ ಎಂಬ ತಂತ್ರದ ಈ ಪೆಟ್ಟಿಗೆಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸುತ್ತ ಹೋಗುತ್ತವೆ. ಗುಡ್ಡದ ನೆತ್ತಿಯಲ್ಲೊಂದು, ಶಾಲೆಯ ಮೇಲೊಂದು, ಅಂಗಡಿಯ ಮೇಲೊಂದು ಇದ್ದರೆ ನಡುವೆ ಯಾವ ಕಂಪನಿಯೂ ಬೇಡ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಗಳನ್ನು ಸಣ್ಣ ಶಕ್ತಿಯಲ್ಲಿ ಬಳಸಲು ಲೈಸೆನ್ಸ್ ಕೂಡ ಬೇಕಿಲ್ಲ. ದೊಡ್ಡ ಮಾತು ಸಾಗಿಸಲು ಅವಕ್ಕೆ ಆಗದು. ಆದರೆ 'ಏಳಿ, ಹೊರಡಿ' ಎನ್ನಲು ದೊಡ್ಡ ಮಾತು ಯಾಕೆ ಬೇಕು?

ನಮ್ಮ ಹಳೆಯ ಊರುಗಳಲ್ಲಿ ಇಂಥ ಒಂದು ಏರ್ಪಾಡು ಇತ್ತು. ಕೆರೆಗೆ ನೀರುಗಂಟಿ ಇದ್ದ. ನೀರಿನ ಮಟ್ಟ ನೋಡುವವನೂ ಅವನೇ, ತೂಬು ಎತ್ತುವವನೂ ಅವನೇ, ರಾತ್ರಿ ಏರಿಯ ಮೇಲೆ ಜಿನುಗು ಕಂಡರೆ ಊರು ಎಬ್ಬಿಸುವವನೂ ಅವನೇ. ತಳವಾರ ತಮಟೆ ಬಡಿದರೆ ಜನ ಗುದ್ದಲಿ ಹಿಡಿದು ಏರಿಗೆ ಓಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿಯ ಭಾರವೂ ಬಿಟ್ಟಿ ದುಡಿಮೆಯೂ ಇದ್ದವು; ಅದನ್ನು ವಾಪಸ್ ತರಬೇಕೆಂದು ಯಾರೂ ಬಯಸಬಾರದು. ಆದರೆ ನೋಡುವ ಕಣ್ಣಿಗೂ ಕೂಗುವ ಗಂಟಲಿಗೂ ನಡುವೆ ಅಲ್ಲಿ ಯಾವ ಕಡತವೂ ಇರಲಿಲ್ಲ.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಲೇ ಕಿರುಚಿಕೊಂಡದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಎಸ್ಸೆಮ್ಮೆಸ್ಸು ಒಂದೊಂದು ನಂಬರಿಗೂ ಸಾಲಿನಲ್ಲಿ ಹೋಗುತ್ತದೆ, ಲಕ್ಷ ಜನರಿದ್ದರೆ ಸಾಲು ಮುಗಿಯುವಷ್ಟರಲ್ಲಿ ಹೊತ್ತು ಮೀರುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಊರ ದೇವಸ್ಥಾನದ ಮೈಕಿನಲ್ಲಿ ಕೂಗಿದ ಹಾಗೆ: ಆ ಟವರಿನಡಿ ಇರುವ ಎಲ್ಲ ಫೋನಿಗೂ ಒಂದೇ ಸಲಕ್ಕೆ, ನಂಬರು ಯಾವುದೆಂದು ಕೇಳದೆ. ಒಂದೇ ಟವರಿನ ವ್ಯಾಪ್ತಿಗೆ ಸೀಮಿತವಾಗಿ ಕೂಗಿಸುವ ಅನುಕೂಲ ಅದರಲ್ಲಿದೆ. ನನಗೆ ಅದರಲ್ಲಿ ಬಹಳ ಆಸೆ ಇದೆ. ಅದು ದಿಲ್ಲಿ, ಬೆಂಗಳೂರಿನ ಗುಂಡಿಯಷ್ಟೇ ಆಗಿ ಉಳಿಯದೆ, ಮಡಿಕೇರಿಯ, ಸಿದ್ದಾಪುರದ ತಹಶೀಲ್ದಾರರ ಕೈಗೆ ಬರಬೇಕು, ಅವರಿಗೆ ಒತ್ತುವ ಧೈರ್ಯ ಕೊಡುವ ಆದೇಶವೂ ಜೊತೆಗೆ ಬರಬೇಕು.

ಕೆಂಪು ದೀಪ ಹೊತ್ತಿಸುವವರು

ಅಳೆಯುವವರೇ ಎಚ್ಚರಿಸುವವರಾದರೆ ಏನಾಗುತ್ತದೆ ಎಂಬುದನ್ನು ನೋಡಲು ಆನೆಯ ಕಡೆ ತಿರುಗಬೇಕು. ಮಲೆನಾಡಿನ ತೋಟದ ಕೂಲಿಯವರಿಗೆ ಜಾರುವ ಗುಡ್ಡದಷ್ಟೇ ಹತ್ತಿರದ ಭಯ ಮಬ್ಬುಗತ್ತಲಲ್ಲಿ ದಾರಿಗೆ ಅಡ್ಡ ನಿಂತ ಸಲಗದ್ದು.

ತಮಿಳುನಾಡಿನ ಆನೈಮಲೆ ಬೆಟ್ಟಗಳ ನೆತ್ತಿಯಲ್ಲಿ ವಾಲ್ಪಾರೈ ಇದೆ. ಸುಮಾರು 220 ಚದರ ಕಿಲೊಮೀಟರ್ ಚಹಾ, ಕಾಫಿ ತೋಟ, ಎಪ್ಪತ್ತು ಸಾವಿರದಷ್ಟು ಜನ, ಸುತ್ತಲೂ ಕಾಡು. ಬ್ರಿಟಿಷರು ಮಳೆಕಾಡು ಕಡಿದು ತೋಟ ಮಾಡುವ ಮುಂಚೆ ಆನೆಗಳು ನಡೆಯುತ್ತಿದ್ದ ದಾರಿಯಲ್ಲೇ ಈಗಲೂ ನಡೆಯುತ್ತವೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಎಂ. ಆನಂದಕುಮಾರ್ ಮತ್ತು ಸಂಗಡಿಗರು 2002ರಿಂದ ಅಲ್ಲಿ ಆನೆಗಳ ಹಿಂದೆ ಓಡಾಡಿದರು. 1994ರಿಂದ 2012ರವರೆಗೆ ಅಲ್ಲಿ ಆನೆ ತುಳಿತಕ್ಕೆ ಸತ್ತವರು ನಲವತ್ತರ ಹತ್ತಿರ. ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ತಿಳಿದದ್ದು ಸರಳ ಮತ್ತು ಸಂಕಟದ ಸಂಗತಿ: ಹೆಚ್ಚಿನವರಿಗೆ ಆನೆ ಅಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಸಂಜೆ ಬಸ್ಸಿಳಿದು, ಮಂಜಿನಲ್ಲಿ ಚಹಾ ಗಿಡಗಳ ನಡುವೆ ಲೈನ್ ಮನೆಗೆ ನಡೆಯುವಾಗ ತೀರಾ ಹತ್ತಿರಕ್ಕೆ ಹೋಗಿಬಿಟ್ಟಿದ್ದರು. ಆನೆಯನ್ನು ಹಿಡಿಯುವುದು, ಬೆದರಿಸುವುದು, ಕಂದಕ ತೋಡುವುದು ಎಲ್ಲದಕ್ಕೂ ಮುಂಚೆ 'ಅಲ್ಲಿದೆ' ಎಂದು ಹೇಳುವವರಿದ್ದರೆ ಅವರಲ್ಲಿ ಬಹಳಷ್ಟು ಜನ ಬದುಕುತ್ತಿದ್ದರು.

ಮೊದಲು ಊರಿನ ಕೇಬಲ್ ಟಿವಿಯಲ್ಲಿ ಸಂಜೆ ಹೊತ್ತು ಅಕ್ಷರದ ಸಾಲು ಓಡಿಸಿದರು. 2011ರಿಂದ ಎಸ್ಸೆಮ್ಮೆಸ್ಸು: ಆನೆಗಳು ಬೀಡುಬಿಟ್ಟ ಜಾಗದಿಂದ ಎರಡು ಕಿಲೊಮೀಟರ್ ಒಳಗಿನವರಿಗೆ ಮಾತ್ರ, ತಮಿಳಿನಲ್ಲಿ. ಊರಿಗೆಲ್ಲ ಕಳಿಸಿದರೆ ಯಾರೂ ಓದುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ಬಂದದ್ದು ಕೆಂಪು ದೀಪ. ಜನ ಓಡಾಡುವ ತಿರುವುಗಳಲ್ಲಿ, ದೂರದಿಂದ ಕಾಣುವ ಎತ್ತರದಲ್ಲಿ ಮಿನುಗುವ ಎಲ್‌ಇಡಿ ದೀಪ. ಒಳಗೊಂದು ಸಿಮ್ ಕಾರ್ಡ್. ನೋಂದಾಯಿಸಿದ ನಂಬರಿನಿಂದ ಕರೆ ಮಾಡಿದರೆ ಹೊತ್ತಿಕೊಳ್ಳುತ್ತದೆ. ಬಸ್ಸಿನ ಕಿಟಕಿಯಿಂದಲೇ ಕೆಂಪು ಕಂಡರೆ ಇಳಿದವರು ಗುಂಪಾಗಿ ಹೋಗುತ್ತಾರೆ, ಇಲ್ಲವೇ ಕಾಯುತ್ತಾರೆ. ಫೋನು ಇಲ್ಲದವರೂ ಓದು ಬಾರದವರೂ ನೋಡಬಲ್ಲ ಸಂದೇಶ ಅದು.

ಶುರುವಿನಲ್ಲಿ ದೀಪ ಹೊತ್ತಿಸುತ್ತಿದ್ದವರು ಸಂಸ್ಥೆಯ ಸಿಬ್ಬಂದಿ. ಬರಬರುತ್ತ ಊರಿನವರೇ ಹೊತ್ತಿಸತೊಡಗಿದರು. ಇಡೀ ಯೋಜನೆಯ ಜೀವಾಳ ಈ ಬದಲಾವಣೆ ಎಂದು ನನಗನ್ನಿಸುತ್ತದೆ. ಚಹಾ ಕೀಳುವ ಹೆಂಗಸು ಆನೆ ಕಂಡೊಡನೆ ಫೋನು ಮಾಡುತ್ತಾಳೆ. ಆಕೆಯ ಗಂಡನೋ ಮಗನೋ ಆ ದೀಪ ನೋಡಿ ನಿಲ್ಲುತ್ತಾನೆ. ಸುಳ್ಳುಸುಳ್ಳೇ ದೀಪ ಹಾಕಿದರೆ ನಾಳೆ ಬೆಳಿಗ್ಗೆ ಲೈನಿನ ನಲ್ಲಿ ಹತ್ತಿರ ಅಕ್ಕಪಕ್ಕದವರಿಗೆ ಮುಖ ತೋರಿಸಬೇಕು. ಆದ್ದರಿಂದ ಸುಳ್ಳು ದೀಪ ಹೊತ್ತುವುದಿಲ್ಲ. ದೂರದ ಕಚೇರಿಗೆ ಈ ಹೊಣೆ ಹೇಗೆ ಬಂದೀತು? ಅಲ್ಲಿಂದ ಹತ್ತು ಸಲ ತಪ್ಪು ಎಚ್ಚರಿಕೆ ಬಂದರೂ ಕೇಳುವವರಿಲ್ಲ, ಹನ್ನೊಂದನೆಯ ಸಲ ನಿಜವಾದಾಗ ನಂಬುವವರೂ ಇಲ್ಲ. ವಾಲ್ಪಾರೈಯಲ್ಲಿ ಸಾವುಗಳು ಇಳಿದವು. 2015ರಲ್ಲಿ ಆನಂದಕುಮಾರ್ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು.

ಅದೇ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಈ ಕ್ರಮವನ್ನು ಹಾಸನ ಜಿಲ್ಲೆಗೆ ತಂದಿದೆ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆಗಳಿಗೆ ದೊಡ್ಡ ಕಾಡು ಎಂಬುದೇ ಉಳಿದಿಲ್ಲ, ಕಾಫಿ ತೋಟವೇ ಮನೆ. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಈಗ ಆನೆ ಕಾರ್ಯಪಡೆಯ ಸಿಬ್ಬಂದಿ ದಿನವೂ ಹೆಜ್ಜೆ ಹಿಡಿದು ನಡೆಯುತ್ತಾರೆ. ಹೆಣ್ಣಾನೆಗಳಿಗೆ ಹಾಕಿದ ರೇಡಿಯೊ ಕಾಲರ್ ಗುಂಪು ಎಲ್ಲಿದೆ ಎಂದು ಹೇಳುತ್ತದೆ, ಒಂಟಿ ಸಲಗನನ್ನು ಮಾತ್ರ ಕಣ್ಣಿನಲ್ಲೇ ಹುಡುಕಬೇಕು. ಬೆಳಗಾಗುವ ಮುಂಚೆ ವಾಟ್ಸ್‌ಆ್ಯಪ್ ಗುಂಪಿಗೆ ತೋಟದ ಹೆಸರು ಬರುತ್ತದೆ, ಮೇಸ್ತ್ರಿ ಅದನ್ನು ನೋಡಿ ಇವತ್ತು ಆ ಬ್ಲಾಕಿಗೆ ಆಳು ಕಳಿಸುವುದು ಬೇಡ ಎಂದು ತೀರ್ಮಾನಿಸುತ್ತಾನೆ. ಆ ಸಿಬ್ಬಂದಿಯಲ್ಲಿ ಹೆಚ್ಚಿನವರು ಕಡಿಮೆ ಸಂಬಳದ ಹೊರಗುತ್ತಿಗೆ ಹುಡುಗರು. ಇಡೀ ತಾಲ್ಲೂಕಿನ ಬೆಳಗು ಅವರ ಕಾಲಿನ ಮೇಲೆ ನಿಂತಿದೆ. ಸಂಬಳ ತಿಂಗಳು ತಿಂಗಳು ತಡವಾಗದಂತೆ ನೋಡಿಕೊಳ್ಳುವುದು ಯಾವ ಆ್ಯಪಿಗಿಂತಲೂ ಮೊದಲ ಕೆಲಸ.

ಮೂರು ಬಾವುಟ

ಸಣ್ಣ ಊರಿಗೆ ಸರಿ, ದೊಡ್ಡ ದುರಂತಕ್ಕೆ ಇದು ಸಾಲದು ಎನ್ನುವವರು ಬಾಂಗ್ಲಾದೇಶವನ್ನು ನೋಡಬೇಕು. 1970ರ ನವೆಂಬರ್‌ನ ಭೋಲಾ ಚಂಡಮಾರುತದಲ್ಲಿ ಅಲ್ಲಿ ಮೂರರಿಂದ ಐದು ಲಕ್ಷ ಜನ ಸತ್ತರು. ಮುನ್ಸೂಚನೆ ಇತ್ತು, ದ್ವೀಪಗಳಿಗೆ ಮುಟ್ಟಿರಲಿಲ್ಲ. ದೇಶ ಹುಟ್ಟಿದ ಕೂಡಲೇ, ರೆಡ್ ಕ್ರಾಸ್ ಜೊತೆ ಸೇರಿ, ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಶುರು ಮಾಡಿದರು. ಊರೂರಿಗೆ ಸ್ವಯಂಸೇವಕರು, ಅವರ ಕೈಯಲ್ಲಿ ಕೈಸೈರನ್, ಮೆಗಾಫೋನು, ಬಾವುಟ. ಅಪಾಯ ಏರಿದಂತೆ ಒಂದು, ಎರಡು, ಮೂರು ಬಾವುಟ. ರೇಡಿಯೊದಲ್ಲಿ ಬಂದ ಸುದ್ದಿಯನ್ನು ಅವರು ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಮನೆಬಾಗಿಲಿಗೆ ಒಯ್ಯುತ್ತಾರೆ, ಹೊರಡಲು ಒಪ್ಪದ ಅಜ್ಜನ ಜೊತೆ ಜಗಳವಾಡುತ್ತಾರೆ. 1991ರ ಚಂಡಮಾರುತ 1,38,000 ಜನರನ್ನು ಕೊಂದಿತು. 2007ರ ಸಿದರ್‌ನಲ್ಲಿ ಸತ್ತವರು 3,400ರಷ್ಟು. ಆಶ್ರಯಧಾಮ, ಒಡ್ಡು, ಉಪಗ್ರಹ ಎಲ್ಲದರ ಪಾಲೂ ಇದರಲ್ಲಿದೆ. ಬಾಗಿಲು ತಟ್ಟಿದವರ ಪಾಲನ್ನು ಅಲ್ಲಗಳೆಯುವವರಿಲ್ಲ.

1991ರಲ್ಲಿ ಸತ್ತವರಲ್ಲಿ ಹೆಂಗಸರು ಗಂಡಸರಿಗಿಂತ ಬಹಳ ಹೆಚ್ಚಿದ್ದರು. ಗಂಡ ಬಂದು ಹೇಳುವವರೆಗೆ ಮನೆ ಬಿಡುವಂತಿಲ್ಲ; ಪರಗಂಡಸು ಬಂದು ಕೂಗಿದರೆ ನಂಬುವಂತಿಲ್ಲ; ಆಶ್ರಯಧಾಮದಲ್ಲಿ ಮರೆಯಿಲ್ಲ. ಇವತ್ತು ಅಲ್ಲಿನ 76 ಸಾವಿರದಷ್ಟು ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು. ಯಾರ ದನಿಗೆ ಯಾರು ಎದ್ದು ಹೊರಡುತ್ತಾರೆ ಎಂಬುದನ್ನು ಆ ದೇಶ ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ.

ನಮ್ಮದೇ ದೇಶದ ಪುದುಚೇರಿಯಲ್ಲೂ ಒಂದು ಘಟನೆ ನಡೆದಿದೆ. 2004ರ ಸುನಾಮಿಯ ಬೆಳಿಗ್ಗೆ ನಲ್ಲವಾಡು ಎಂಬ ಮೀನುಗಾರರ ಊರಿನ ಒಬ್ಬ ಯುವಕ ಸಿಂಗಪುರದಿಂದ ಮನೆಗೆ ಫೋನು ಮಾಡಿದ. ಊರಿನವರು ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದ ಗ್ರಾಮ ಜ್ಞಾನ ಕೇಂದ್ರದ ಬೀಗ ಒಡೆದು, ಮೀನುಗಾರರಿಗೆ ಅಲೆಯ ಎತ್ತರ ಹೇಳಲೆಂದು ಇಟ್ಟಿದ್ದ ಧ್ವನಿವರ್ಧಕದಲ್ಲಿ ಕೂಗಿದರು. ಮೂರು ಸಾವಿರಕ್ಕೂ ಹೆಚ್ಚು ಜನರ ಆ ಊರಿನಲ್ಲಿ ಎಲ್ಲರೂ ಉಳಿದರು. ದಿನವೂ ಕೆಲಸಕ್ಕೆ ಬರುತ್ತಿದ್ದ ಮೈಕು ಆದ್ದರಿಂದ ಅದು ಕೆಟ್ಟಿರಲಿಲ್ಲ, ಎಲ್ಲಿದೆ ಎಂದು ಹುಡುಕಬೇಕಾಗಿಯೂ ಇರಲಿಲ್ಲ. ವರ್ಷಕ್ಕೊಮ್ಮೆ ಅಣಕು ಪ್ರದರ್ಶನದ ದಿನ ಮಾತ್ರ ಧೂಳು ಕೊಡವುವ ಸೈರನ್ನುಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ನಾಳೆಯ ಮಳೆ, ಪಡಿತರದ ದಿನ, ಹಾಲಿನ ಬಟವಾಡೆ ಕೂಗುವ ಮೈಕೇ ಗುಡ್ಡದ ಸುದ್ದಿಯನ್ನೂ ಕೂಗಲಿ.

ಊರಿನ ಕೈಗೆ ಕೊಟ್ಟರೆ ಗಾಳಿಸುದ್ದಿ ಹಬ್ಬುವುದಿಲ್ಲವೇ ಎಂಬ ಆತಂಕಕ್ಕೆ ಆಧಾರವಿದೆ. 2018ರ ಕೇರಳದ ನೆರೆಯಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಸೋರುತ್ತಿದೆ ಎಂಬ ಸುಳ್ಳು ಧ್ವನಿ ಸಂದೇಶ ಸಾವಿರಾರು ಫೋನುಗಳಿಗೆ ಹರಡಿ ಜನರನ್ನು ಕಂಗೆಡಿಸಿತು. ಆದರೆ ಗಮನಿಸಿ, ಅದು ಯಾರದೋ ದನಿ, ಎಲ್ಲಿಂದಲೋ ಬಂದದ್ದು, ಮುಂದೆ ದಾಟಿಸಿದವರಿಗೆ ಹೊಣೆಯಿರಲಿಲ್ಲ. ವಾಲ್ಪಾರೈಯ ದೀಪಕ್ಕೆ ನೋಂದಣಿ ಇದೆ, ಹೊತ್ತಿಸಿದವರ ನಂಬರು ಉಳಿಯುತ್ತದೆ. ಹ್ಯೂಮ್ ಕೇಂದ್ರದ ಮಾಪಕಕ್ಕೆ ಓದುವವರೊಬ್ಬರಿದ್ದಾರೆ. ಪಕ್ಕದ ನಾಲ್ಕು ಮಾಪಕಗಳ ಜೊತೆ ತಾಳೆ ನೋಡಿದರೆ ತಪ್ಪು ಗೊತ್ತಾಗುತ್ತದೆ. ಗಾಳಿಸುದ್ದಿ ಬೆಳೆಯುವುದು ನಂಬುವಂಥ ಸುದ್ದಿ ಹೊತ್ತಿಗೆ ಸಿಗದಿದ್ದಾಗ. ಮಿತಿ ಎಷ್ಟೆಂದು ಹಾಕುವಾಗ ಭೂವಿಜ್ಞಾನಿಗಳು ಬೇಕೇ ಬೇಕು. ಯಾವ ಗುಡ್ಡಕ್ಕೆ ಎಷ್ಟು ಇಂಚು ಅಪಾಯ ಎಂಬುದನ್ನು ಊರು ಒಂದೇ ಊಹಿಸಲಾಗದು. ಮಿತಿ ಬೆಂಗಳೂರಿನವರು, ಕೋಲ್ಕತ್ತದವರು ಕೊಡಲಿ. ಅದು ಮೀರಿದ ಕ್ಷಣದಲ್ಲಿ ಯಾರನ್ನೂ ಕೇಳದೆ ಗಂಟೆ ಹೊಡೆಯುವ ಅಧಿಕಾರ ಪಂಚಾಯಿತಿಗೆ ಇರಲಿ. ತಪ್ಪಾಗಿ ಎಬ್ಬಿಸಿದ್ದಕ್ಕೆ ಪಿಡಿಒಗೆ ನೋಟಿಸು ಬರುವುದಿಲ್ಲ ಎಂದು ಬರೆದುಕೊಡಲಿ. ಒಂದು ರಾತ್ರಿ ಸುಮ್ಮನೆ ಶಾಲೆಯಲ್ಲಿ ಮಲಗಿ ಎದ್ದುಬಂದವರ ಆ ದಿನದ ಕೂಲಿಯನ್ನು ಯಾರಾದರೂ ತುಂಬಿಕೊಡಲಿ. ಅದಿಲ್ಲದಿದ್ದರೆ ಎರಡನೆಯ ರಾತ್ರಿ ಯಾರೂ ಹೊರಡುವುದಿಲ್ಲ.

ಇನ್ನೊಂದು ಕೆಲಸ ಈ ಮಳೆಗಾಲದ ಮುಂಚೆಯೇ ಆಗಬೇಕು, ಅದಕ್ಕೆ ಯಂತ್ರವೂ ಬೇಡ. ಸಕಲೇಶಪುರ, ಕೊಡಗಿನ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದ ಕುಟುಂಬಗಳು ಬಹಳ ಇವೆ. ಅವರ ಹೆಸರು ನಮ್ಮ ಮತದಾರರ ಪಟ್ಟಿಯಲ್ಲಿಲ್ಲ, ಪಂಚಾಯಿತಿಯ ಫೋನು ಪಟ್ಟಿಯಲ್ಲೂ ಇಲ್ಲ. ಕನ್ನಡದ ಎಸ್ಸೆಮ್ಮೆಸ್ಸು ಅವರಿಗೆ ಓದಲು ಬಾರದು. ಲೈನು ಕಟ್ಟಿರುವುದು ಹೆಚ್ಚಾಗಿ ಇಳಿಜಾರಿನಲ್ಲಿ, ಬರೆ ಕಡಿದ ಬುಡದಲ್ಲಿ. ಪ್ರತಿ ತೋಟದ ರೈಟರು ಲೈನಿಗೆ ಹೋಗಿ, ಯಾರ ಮನೆಯಲ್ಲಿ ಎಷ್ಟು ಜನ, ಯಾರ ಫೋನು ಚಾಲೂ ಇದೆ, ಯಾರಿಗೆ ಬಂಗಾಳಿ, ಯಾರಿಗೆ ಸಾದ್ರಿ, ನಡೆಯಲಾರದ ಮುದುಕಿ ಯಾವ ಮನೆಯಲ್ಲಿ, ರಾತ್ರಿ ಎಬ್ಬಿಸಲು ಆ ಸಾಲಿನಲ್ಲಿ ಮೊದಲು ಯಾರ ಬಾಗಿಲು ತಟ್ಟಬೇಕು ಎಂದು ಬರೆದುಕೊಳ್ಳಬೇಕು. ಮಳೆ ಪುಸ್ತಕದ ಕೊನೆಯಲ್ಲಿ ಹಾಳೆಗಳು ಖಾಲಿ ಇರುತ್ತವೆ. ಅಲ್ಲೇ ಬರೆದು, ಒಂದು ಪ್ರತಿಯನ್ನು ಪಂಚಾಯಿತಿಗೆ ಮುಟ್ಟಿಸಿದರೆ ಮೇ ತಿಂಗಳೊಳಗೆ ಮುಗಿಯುವ ಕೆಲಸ.